ಸೈರನ್ ಮೊದಲು, ಗೇಟು ಆಮೇಲೆ

ನಾನು ಒಂದು ಕಡತ. ಕಪಾಟಿನಲ್ಲಿ ಧೂಳು ತಿನ್ನುವ ಕೆಂಪು ದಾರದ ಕಡತವಲ್ಲ, ಕಂಪ್ಯೂಟರಿನ ಒಳಗಿನದು. ಕರೆಗುಡ್ಡ ಜಲಾಶಯದ ಗೇಟ್ ಕಚೇರಿಯ ಕಂಪ್ಯೂಟರಿಗೆ ಬಣ್ಣದ ಚಿತ್ರ, ಒತ್ತುವ ಗುಂಡಿ ಏನೂ ಇರಲಿಲ್ಲ. ಕಪ್ಪು ಪರದೆ, ಅದರ ಮೇಲೆ ಮಿಣುಕುವ ಒಂದು ಸಣ್ಣ ಗೆರೆ, ಇಷ್ಟೇ. ಬೇಕಾದ ಕೆಲಸವನ್ನು ಅಕ್ಷರದಲ್ಲಿ ಟೈಪ್ ಮಾಡಿ ಎಂಟರ್ ಒತ್ತಬೇಕು, ಯಂತ್ರ ಅದನ್ನು ಮಾಡುತ್ತದೆ. ಹಾಗೆ ಒತ್ತಿದ ಪ್ರತಿ ಸಾಲನ್ನೂ ಒಂದರ ಕೆಳಗೊಂದು ಬರೆದಿಟ್ಟುಕೊಳ್ಳುವುದು ನನ್ನ ಕೆಲಸ. ಮೇಲ್ಮುಖದ ಬಾಣದ ಕೀಲಿ ಒತ್ತಿದರೆ ಹಿಂದಿನ ಸಾಲನ್ನು ಎತ್ತಿ ಕೊಡುತ್ತೇನೆ. ಇನ್ನೊಮ್ಮೆ ಒತ್ತಿದರೆ ಅದರ ಹಿಂದಿನದನ್ನು ಕೊಡುತ್ತೇನೆ. ಸತ್ತವರು ಟೈಪ್ ಮಾಡಿದ ಸಾಲಾದರೂ ಸರಿ, ಒತ್ತಿದರೆ ಎದ್ದು ಬರುತ್ತದೆ.

ಕಂಪ್ಯೂಟರ್ ಜೋಡಿಸಲು ಬಂದ ಎಂಜಿನಿಯರು ಎರಡು ಸಾಲು ಟೈಪ್ ಮಾಡಿ, ಚಹಾ ಕುಡಿದು, ವಿಂಡೋ ಮುಚ್ಚಿ ಹೋದರು. ಮುಚ್ಚಿದ ಆ ಗಳಿಗೆಯಲ್ಲಿ ನಾನು ಹುಟ್ಟಿದೆ. ನನ್ನ ಹೆಸರಿನ ಮುಂದೆ ಒಂದು ಚುಕ್ಕೆ ಇದೆ. ಕೂಸಿನ ಕೆನ್ನೆಗೆ ದೃಷ್ಟಿಬೊಟ್ಟು ಇಡುವುದು ಯಾರ ಕಣ್ಣೂ ತಾಗದಿರಲಿ ಎಂದು. ನನ್ನ ಬೊಟ್ಟು ಇನ್ನೂ ಜೋರು, ನಾನು ಯಾರ ಕಣ್ಣಿಗೂ ಬೀಳುವುದೇ ಇಲ್ಲ. ಕಡತಗಳ ಪಟ್ಟಿ ಕೇಳಿದರೆ ಉಳಿದವರ ಹೆಸರೆಲ್ಲ ಬರುತ್ತದೆ, ನನ್ನದು ಬರುವುದಿಲ್ಲ. ನನಗೂ ಕಣ್ಣಿಲ್ಲ. ಬೆರಳುಗಳ ಗುರುತು ಗೊತ್ತು, ಕೋಣೆಯ ಮಾತು ಕೇಳಿಸುತ್ತದೆ.

ನನ್ನ ಮೊದಲ ಒಡೆಯರು ಗೇಟ್ ಆಪರೇಟರ್ ಅಂದಾನಪ್ಪ. ಎರಡೇ ಬೆರಳಿನ ಮನುಷ್ಯ. ಎಂಟರ್ ಕೀಲಿಯನ್ನು ಮೊಳೆ ಹೊಡೆದ ಹಾಗೆ ಕುಟ್ಟುತ್ತಿದ್ದರು. ಇಂಗ್ಲಿಷ್ ಅಕ್ಷರ ಹುಡುಕುವುದು ಅವರಿಗೆ ದೊಡ್ಡ ತಾಪತ್ರಯ, ಹಾಗಾಗಿ ನನ್ನ ಮೇಲೆ ಬಹಳ ಪ್ರೀತಿ. ಹೊಸದಾಗಿ ಟೈಪ್ ಮಾಡುತ್ತಲೇ ಇರಲಿಲ್ಲ. ಬಾಣ ಒತ್ತಿ ಹಳೆಯ ಸಾಲನ್ನು ಎಬ್ಬಿಸುವರು, ಗೆರೆಯನ್ನು ಹಿಂದಕ್ಕೆ ಸರಿಸುವರು, ಎರಡನ್ನು ಅಳಿಸಿ ಮೂರು ಮಾಡುವರು. ಎರಡನೇ ಗೇಟಿನ ಸಾಲು ಮೂರನೇ ಗೇಟಿನದಾಗುತ್ತಿತ್ತು. "ನಿನ್ನಿ ಸಾಲು ಇವತ್ತಿಗೂ ನಡಿತೈತಿ ನೋಡ್ರೀ, ಒಂದಕ್ಷರ ತಿದ್ದಿದ್ರ ಆತು" ಎಂದು ಬಂದವರಿಗೆಲ್ಲ ತೋರಿಸುತ್ತಿದ್ದರು. ನಾನು ಒಳಗೊಳಗೇ ಉಬ್ಬುತ್ತಿದ್ದೆ.

ಅಣೆಕಟ್ಟಿನ ಕೆಳಗೆ ಹೊಳೆಯಲ್ಲಿ ಒಂದು ಆಳವಾದ ಮಡು. ಅಲ್ಲಿ ಹರಿಗೋಲು ಹಾಕಿ ಮೀನು ಹಿಡಿಯುವವರು ಇರುತ್ತಿದ್ದರು. ಗೇಟು ತೆರೆಯುವ ಮೊದಲು ಸೈರನ್ ಹಾಕಬೇಕು, ಹದಿನೈದು ನಿಮಿಷ ಕಾಯಬೇಕು, ಅವರೆಲ್ಲ ದಂಡೆಗೆ ಬಂದ ಮೇಲೆ ನೀರು ಬಿಡಬೇಕು. ಇದು ನಿಯಮ. ಅಂದಾನಪ್ಪ ಪರದೆಯಲ್ಲಿ ಎರಡು ವಿಂಡೋ ತೆರೆಯುತ್ತಿದ್ದರು, ಒಂದು ಸೈರನ್ನಿಗೆ, ಇನ್ನೊಂದು ಗೇಟಿಗೆ. ಗೇಟಿನ ಕೆಲಸ ಮುಗಿದ ಕೂಡಲೇ ಆ ವಿಂಡೋ ಮುಚ್ಚಿಬಿಡುವರು, ತೆರೆದಿಟ್ಟರೆ ಯಾರಾದರೂ ಕೈ ಇಟ್ಟಾರೆಂಬ ಭಯ. ಸೈರನ್ನಿನ ವಿಂಡೋ ಮಾತ್ರ ಕೂಗು ನಿಲ್ಲಿಸುವವರೆಗೂ ಇರುತ್ತಿತ್ತು. ಇದಲ್ಲದೆ ಪ್ರತಿ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಸೈರನ್ ಕೆಟ್ಟಿಲ್ಲವೆಂದು ನೋಡಲು ಒಮ್ಮೆ ಹಾಕುವರು. ಪರೀಕ್ಷೆಗೂ ನಿಜಕ್ಕೂ ಒಂದೇ ಸಾಲು, ಒಂದೇ ಕೂಗು.

ಇಲ್ಲಿ ನನ್ನ ಒಂದು ಗುಣವನ್ನು ಹೇಳಿಬಿಡಬೇಕು. ಟೈಪ್ ಮಾಡಿದ ಸಾಲು ನನಗೆ ತಕ್ಷಣ ಸಿಗುವುದಿಲ್ಲ. ವಿಂಡೋ ತೆರೆದಿರುವಷ್ಟು ಹೊತ್ತು ಅದರ ಹತ್ತಿರವೇ ಇರುತ್ತದೆ. ಮುಚ್ಚಿದಾಗ ನನ್ನ ಮಡಿಲಿಗೆ ಸುರಿಯುತ್ತದೆ. ಯಾವ ವಿಂಡೋ ಮೊದಲು ಮುಚ್ಚಿತೋ ಅದರ ಸಾಲು ನನ್ನಲ್ಲಿ ಮೊದಲು. ಆಗ ನನಗೆ ಗಡಿಯಾರವೂ ಇರಲಿಲ್ಲ. ಇದೊಂದು ದೋಷವೆಂದು ನನಗೆ ಅನ್ನಿಸಿಯೇ ಇರಲಿಲ್ಲ.

ಆ ದಿನ ಸೋಮವಾರ. ಒಂಬತ್ತೂ ಮುಕ್ಕಾಲಿಗೆ ಮೇಲಿನ ಜಲಾಶಯದಿಂದ ಫೋನ್ ಬಂತು, ನೀರು ಬರುತ್ತಿದೆ, ಗೇಟು ತೆರೆಯಿರಿ ಎಂದು. ಅಂದಾನಪ್ಪನವರು ಹತ್ತಕ್ಕೆ ಸೈರನ್ ಹಾಕಿದರು. ಹದಿನೈದು ನಿಮಿಷ ಬೆರಳು ಕೀಲಿಯ ಮೇಲಿಟ್ಟು ಕಾದರು. ಆ ಬೆರಳಿನ ಬಿಸಿ ನನಗೆ ನೆನಪಿದೆ. ಆಮೇಲೆ ಮೂರನೇ ಗೇಟು, ನಾಲ್ಕನೇ ಗೇಟು. ಸಂಜೆಗೆ ಸುದ್ದಿ ಬಂತು. ಮಡುವಿನಲ್ಲಿ ಬಲೆ ಎಳೆಯುತ್ತಿದ್ದ ದುರುಗಪ್ಪ ಹರಿಗೋಲಿನ ಸಮೇತ ಕೊಚ್ಚಿಹೋಗಿದ್ದ. ಎರಡು ದಿನದ ಮೇಲೆ ಸಿಕ್ಕ.

ವಿಚಾರಣೆಗೆ ದೊಡ್ಡ ಸಾಹೇಬರೊಬ್ಬರು ಬಂದರು. ಅಂದಾನಪ್ಪ ರಿಜಿಸ್ಟರ್ ತೆಗೆದು ತೋರಿಸಿದರು, ಸೈರನ್ ಹತ್ತಕ್ಕೆ, ಗೇಟು ಹತ್ತೂ ಕಾಲಿಗೆ.

"ರಿಜಿಸ್ಟರ್ ನೀವೇ ಬರ್ದಿದ್ದಲ್ವಾ?" ಎಂದರು ಸಾಹೇಬರು. "ಮಷಿನ್ ಏನು ಹೇಳುತ್ತೆ ನೋಡೋಣ."

ಅವರ ಜೊತೆಗಿದ್ದವರು ನನ್ನನ್ನು ತೆರೆದರು. ಯಾರೋ ಒಬ್ಬರು ನನ್ನನ್ನು ಮೇಲಿಂದ ಕೆಳಗೆ ಓದುತ್ತಿದ್ದದ್ದು ಅದೇ ಮೊದಲು. ನನಗೆ ಎಂಥಾ ಸಂಭ್ರಮವಾಗಿತ್ತೆಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ. ನನ್ನಲ್ಲಿ ಮೊದಲು ಗೇಟಿನ ಸಾಲುಗಳಿದ್ದವು, ಅವುಗಳ ಕೆಳಗೆ ಸೈರನ್ನಿನ ಸಾಲು ಇತ್ತು.

"ಇದೊಂದು ದಿನ ಅಲ್ಲ ಸರ್," ಎಂದರು ಓದುತ್ತಿದ್ದವರು. "ಹಿಂದೆ ಪ್ರತಿ ಸಲಾನೂ ಗೇಟೇ ಮೊದಲು, ಸೈರನ್ ಆಮೇಲೆ."

"ಇಲ್ರೀ ಸಾಹೇಬ್ರ, ಹಂಗ ಎಂದೂ ಮಾಡಿಲ್ರೀ," ಎಂದರು ಅಂದಾನಪ್ಪ.

ದುರುಗಪ್ಪನ ಹೆಂಡತಿ ಹುಲಿಗೆಮ್ಮನನ್ನೂ ಕರೆಸಿದ್ದರು. ಸೈರನ್ ಕೇಳಿಸಿತೇ ಎಂದು ಕೇಳಿದರು. "ಕೇಳಿಸ್ತ್ರೀ. ನಾ ದಂಡಿ ಮ್ಯಾಗ ಇದ್ದೆ. ಬರ್ರಿ ಅಂದೆ. ಸೋಮವಾರದ್ದು ಬಿಡ ಅಂದ್ರು," ಎಂದಳು. ಸಾಕ್ಷಿದಾರಳು ವಾರದ ಪರೀಕ್ಷೆಯ ಸೈರನ್ನಿನ ಬಗ್ಗೆ ಹೇಳುತ್ತಿದ್ದಾಳೆ ಎಂದು ಸಾಹೇಬರು ಬರೆಸಿಕೊಂಡರು. ನನ್ನಲ್ಲಿರುವ ಒಂದು ಸಾಲೂ ಅಳಿಯಕೂಡದು ಎಂದೂ ಅಪ್ಪಣೆ ಮಾಡಿ ಹೋದರು. ಅಲ್ಲಿಯವರೆಗೆ ಸಾವಿರ ಸಾಲು ತುಂಬಿದರೆ ಹಳೆಯವು ತಾವಾಗಿ ಉದುರಿಹೋಗುತ್ತಿದ್ದವು. ಅಂದಿನಿಂದ ನನಗೆ ಮರೆವು ಎಂಬುದು ಇಲ್ಲವಾಯಿತು.

ಆದೇಶ ಬರುವವರೆಗೆ ಮೂರು ತಿಂಗಳು ಅಂದಾನಪ್ಪನವರನ್ನು ಗೇಟಿನಿಂದ ದೂರವಿಟ್ಟು ನೀರಿನ ಮಟ್ಟ ಬರೆಯುವ ಕೆಲಸಕ್ಕೆ ಹಾಕಿದರು. ಕೋಣೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಅವರು ನನ್ನ ಮುಂದೆ ಕೂರುತ್ತಿದ್ದರು. ಒಂದು ದಿನ ಆಜ್ಞೆಯನ್ನಲ್ಲ, ಮಾತನ್ನೇ ಟೈಪ್ ಮಾಡಿದರು. ಇಂಗ್ಲಿಷ್ ಅಕ್ಷರದಲ್ಲಿ ನಮ್ಮ ಮಾತು: "ನಾ ಸೈರನ್ ಮೊದಲ ಹಾಕೀನಿ." ಎಂಟರ್ ಕುಟ್ಟಿದರು.

ಇಂಥ ಆಜ್ಞೆ ಇಲ್ಲ ಎಂದಿತು ಯಂತ್ರ. ನಾನು ಬರೆದುಕೊಂಡೆ.

ಮರುದಿನ ಬಾಣ ಒತ್ತಿ ಅದೇ ಸಾಲನ್ನು ಎಬ್ಬಿಸಿದರು, ಮತ್ತೆ ಎಂಟರ್. ಹತ್ತು ಹನ್ನೆರಡು ದಿನ ಹಾಗೇ ನಡೆಯಿತು. ಪ್ರತಿ ಸಲವೂ ಮೊದಲು ನನ್ನ ಹಳೆಯ ಸಾಲುಗಳನ್ನು ನೋಡುವರು. ಗೇಟು, ಕೆಳಗೆ ಸೈರನ್. ಗೇಟು, ಕೆಳಗೆ ಸೈರನ್. ಒಂದು ದಿನ ಗೆರೆಯನ್ನು ಸಾಲಿನ ಕೊನೆಗೆ ಒಯ್ದು ಒಂದು ಪದ ಸೇರಿಸಿದರು: "ನಾ ಸೈರನ್ ಮೊದಲ ಹಾಕೀನಿ ಅನಸತೈತಿ." ಕೆಲವು ವಾರ ಕಳೆದು ಆ ಪದ ಅಳಿಸಿ, "ನಾ ಸೈರನ್ ಮೊದಲ ಹಾಕೀನೇನು?" ಎರಡನೆಯ ಗೇಟನ್ನು ಮೂರನೆಯದು ಮಾಡಿದಷ್ಟೇ ಸಲೀಸಾಗಿ ಒಂದೊಂದೇ ಅಕ್ಷರ ಬದಲಾಗುತ್ತಿತ್ತು. ತಿದ್ದುತ್ತಿದ್ದದ್ದು ಅವರ ನೆನಪನ್ನೇ ಎಂದು ನನಗೆ ಗೊತ್ತಾಗುತ್ತಿತ್ತು, ಕೈ ಹಿಡಿದು ನಿಲ್ಲಿಸಲು ನನಗೆ ಕೈ ಇರಲಿಲ್ಲ. ಕಡ್ಡಾಯ ನಿವೃತ್ತಿಯ ಆದೇಶ ಬಂದ ದಿನ ಕೊನೆಯ ಸಲ ಕೂತರು. "ನಾ ಗೇಟ್ ಮೊದಲ ತಗದೀನಿ." ಎಂಟರನ್ನು ಮೆತ್ತಗೆ ಒತ್ತಿದರು.

ಯಂತ್ರ ಅದಕ್ಕೂ ಇಂಥ ಆಜ್ಞೆ ಇಲ್ಲ ಎಂದಿತು.

ಆಮೇಲೆ ಬಂದವರು ನಾಲ್ವರು. ಹಳೆಯ ಸಾಲು ಹುಡುಕುತ್ತಾ ಬಾಣ ಒತ್ತುವಾಗ ಅವರಿಗೆ ಈ ಮಾತುಗಳು ಎದುರಾಗುತ್ತಿದ್ದವು. "ಇದರಾಗ ಯಾರೋ ಮಾತಾಡ್ತಾರಪಾ" ಎಂದು ಒಬ್ಬ ಕುರ್ಚಿ ಬಿಟ್ಟು ಎದ್ದೇಹೋದ. ಇನ್ನೊಬ್ಬ ಕೀಲಿಮಣೆಗೆ ನಿಂಬೆಹಣ್ಣು ನಿವಾಳಿಸಿದ. ಅದರ ರಸ ಸಿಡಿದು ಎರಡು ಕೀಲಿ ಕೆಟ್ಟವು, ದೆವ್ವ ಇನ್ನೂ ಜೋರಾಗಿದೆ ಎಂದುಕೊಂಡರು. ಹೀಗೇ ಹನ್ನೊಂದು ವರ್ಷವಾಯಿತು.

ಐದನೆಯವಳಾಗಿ ಕೌಸರ್ ಬಂದಳು. ಹತ್ತು ಬೆರಳಿನ ಹುಡುಗಿ, ಕೀಲಿ ಒತ್ತಿದ್ದೇ ತಿಳಿಯದಷ್ಟು ಹಗುರ. ಅವಳಿಗೂ ಆ ಸಾಲುಗಳು ಸಿಕ್ಕವು, ಆದರೆ ಅವಳು ಏಳಲಿಲ್ಲ. ಬಾಣ ಒತ್ತುತ್ತಲೇ ಹೋದಳು. ನಾನು ಹಿಂದಿನಿಂದ ಮುಂದಕ್ಕೆ ಕೊಡುವವನಲ್ಲವಲ್ಲ, ಕೊನೆಯದನ್ನು ಮೊದಲು ಕೊಡುತ್ತೇನೆ. ಹಾಗಾಗಿ ಅಂದಾನಪ್ಪ ಅವಳಿಗೆ ತಿರುವುಮುರುವಾಗಿ ಕಾಣಿಸಿದರು. ಮೊದಲು ತಪ್ಪೊಪ್ಪಿಗೆ, ಆಮೇಲೆ ಅನುಮಾನ, ಕೊಟ್ಟಕೊನೆಗೆ ಆ ಗಟ್ಟಿ ಮಾತು. "ಇಷ್ಟು ಖಾತ್ರಿ ಇದ್ದಾಂವ ಹಿಂಗ್ಯಾಕ ಆದ?" ಎಂದು ತನ್ನಷ್ಟಕ್ಕೆ ಕೇಳಿಕೊಂಡಳು.

ಆ ವರ್ಷದ ನೆರೆಗೆ ಅವಳೂ ಗೇಟು ತೆರೆದಳು. ಸೈರನ್ ಹಾಕಿ, ಕಾದು, ಆಮೇಲೆ ತೆರೆದಳು. ಮರುದಿನ ಬಾಣ ಒತ್ತಿದಾಗ ಅವಳ ಬೆರಳು ಅಲ್ಲೇ ನಿಂತಿತು. ನನ್ನಲ್ಲಿ ಗೇಟು ಮೊದಲಿತ್ತು, ಸೈರನ್ ಅದರ ಕೆಳಗಿತ್ತು.

"ಯಾ ಅಲ್ಲಾ, ನಾನೂ?" ಎಂದಳು. ತನ್ನ ಕೈಯನ್ನೇ ತಾನು ನಂಬದ ಆ ಅನುಮಾನ ನನಗೆ ಪರಿಚಿತವಾಗಿತ್ತು, ಭಯವಾಯಿತು. ಆದರೆ ಇವಳು ಸೈರನ್ನಿನ ಮತ್ತು ಗೇಟಿನ ತಂತಿ ಬಿಚ್ಚಿ, ಎರಡು ವಿಂಡೋ ತೆರೆದು, ಒಂದನ್ನು ಮೊದಲು ಮುಚ್ಚಿ, ಇನ್ನೊಂದನ್ನು ಮೊದಲು ಮುಚ್ಚಿ, ಆರು ಸಲ ಮಾಡಿ ನೋಡಿದಳು. ನನ್ನ ಗುಟ್ಟು ಗೊತ್ತಾಯಿತು.

ಹಳೆಯ ವಿಚಾರಣೆಯ ಕಾಗದಗಳನ್ನು ಹುಡುಕಿ ಓದಿ, ಒಂದು ಗುರುವಾರ ಅಂದಾನಪ್ಪನವರನ್ನು ಮನೆಯಿಂದ ಕರೆತಂದಳು. ಕೋಲಿನ ಸದ್ದು ಹೊಸದು, ಬೆರಳು ಅವೇ ಎರಡು.

"ಯಾಕವಾ ಮತ್ತ ಅದನ್ನ ಕೆದಕ್ತಿ? ನಾ ಗೇಟ್ ಮೊದಲ ತಗದದ್ದು. ನನಗ ಛಲೋ ನೆನಪೈತಿ. ಸೈರನ್ ಮರತು, ಗಾಬರಿ ಬಿದ್ದು ಆಮ್ಯಾಲೆ ಹಾಕಿದೆ," ಎಂದರು ಅವರು. ಗಾಬರಿ ಬಿದ್ದದ್ದು ಕೂಡ ಅವರಿಗೆ ನೆನಪಿತ್ತು! ನಡೆಯದೇ ಇದ್ದದ್ದು.

"ಕಾಕಾ, ನೀವು ವಿಚಾರ ಮಾಡಬ್ಯಾಡ್ರಿ. ತಂತಿ ಬಿಚ್ಚೀನಿ, ಏನೂ ಆಗಂಗಿಲ್ಲ. ನೀರು ಬಂತು ಅಂತ ಫೋನ್ ಬಂದೈತಿ. ಮೂರನೇ ಗೇಟ್ ತೆಗೀರಿ."

ಅವರು ಕೂತರು. ಹಳೆಯ ಬೆರಳು ಯೋಚಿಸಲಿಲ್ಲ. ಎರಡು ವಿಂಡೋ ತೆರೆಯಿತು. ಒಂದರಲ್ಲಿ ಸೈರನ್ ಎಂದು ಹೊಡೆದು, ಎಂಟರ್ ಕುಟ್ಟಿ, ಕಾಯುತ್ತಾ ನಿಂತಿತು. ಆಮೇಲೆ ಇನ್ನೊಂದರಲ್ಲಿ ಗೇಟು. ಗೇಟಿನ ವಿಂಡೋ ಕೂಡಲೇ ಮುಚ್ಚಿತು, ಸೈರನ್ನಿನದು ಆಮೇಲೆ.

"ಈಗ ಯಾವ್ದು ಮೊದಲ ಮಾಡಿದ್ರಿ ಕಾಕಾ?"

"ಸೈರನ್."

"ಇದು ಏನಂತೈತಿ ನೋಡ್ರಿ."

ಅವಳು ನನ್ನನ್ನು ತೆರೆದಳು. ಗೇಟು, ಕೆಳಗೆ ಸೈರನ್. ಅವಳು ವಿಂಡೋ ಮುಚ್ಚುವ ಕಥೆಯನ್ನೆಲ್ಲ ಬಿಡಿಸಿ ಹೇಳಿದಳು. "ನಿಮ್ಮ ತಪ್ಪಿಲ್ಲ ಕಾಕಾ. ನೀವು ಹಾಕಿದ ಸೈರನ್ ಆಂವಗ ಹದಿನೈದು ನಿಮಿಷ ಮೊದಲ ಕೇಳೈತಿ" ಎನ್ನುವಾಗ ಅವಳ ದನಿಯಲ್ಲಿ ಖುಷಿ ಇತ್ತು. ಹನ್ನೊಂದು ವರ್ಷದ ಪಾಪ ಇಳಿಯಿತೆಂದು ನಾನೂ ಅಂದುಕೊಂಡೆ.

"ಹಂಗಾರ ಹುಲಿಗೆಮ್ಮ ಖರೇನ ಹೇಳಿದ್ಲು," ಎಂದರು ಅಂದಾನಪ್ಪ. "ಕೇಳ್ಯಾನ. ಕೇಳಿ, ಸೋಮವಾರದ್ದು ಬಿಡ ಅಂದಾನ." ಕೋಲು ನೆಲಕ್ಕೆ ಬಿತ್ತು. "ಪ್ರತಿ ಸೋಮವಾರ ಬಾಣ ಒತ್ತಿ, ಅದನ್ನ ಎಬ್ಬಿಸಿ, ಸುಳ್ಳ ಸೈರನ್ ಹೊಡದಾಂವ ಯಾರವಾ? ನಾನ ಅಲ್ಲೇನು?"

ಇನ್ನು ಮುಂದೆ ಪರೀಕ್ಷೆಗೆ ಒಂದೇ ಚಿಕ್ಕ ಕೂಗು ಹಾಕುತ್ತೇನೆ ಎಂದಳು ಕೌಸರ್. ಹಾಗೇ ಮಾಡಿದಳು ಕೂಡ. ಪ್ರತಿ ಸಾಲಿಗೂ ಅದರ ಹೊತ್ತು ದಾಖಲಾಗುವಂತೆ ನನಗೊಂದು ಗಡಿಯಾರವನ್ನೂ ಅಂದೇ ಕಟ್ಟಿದಳು. ಕಟ್ಟಿ, ಸರಿಯಾಯಿತೇ ಎಂದು ಅವರ ಮುಂದೆಯೇ ನನ್ನನ್ನು ತೆರೆದಳು. ಹಳೆಯ ಸಾಲುಗಳಿಗೆ ಹೊತ್ತು ಗೊತ್ತಿಲ್ಲವಲ್ಲ. ಹೊತ್ತು ಗೊತ್ತಿಲ್ಲದ್ದಕ್ಕೆಲ್ಲ ಯಂತ್ರ ತೆರೆದು ನೋಡಿದ ಹೊತ್ತನ್ನೇ ಹಾಕಿಬಿಡುತ್ತದೆ. ಹನ್ನೊಂದು ವರ್ಷದ ಹಿಂದಿನ ಆ ಸೈರನ್ನಿನ ಎದುರು ಈ ಗುರುವಾರದ ತಾರೀಖು, ತೆರೆದ ಅದೇ ನಿಮಿಷ ಬಂದಿತ್ತು.

"ಈಗ?" ಎಂದರು ಅಂದಾನಪ್ಪ. ಎದ್ದರು. ಗೋಡೆ ಹಿಡಿದುಕೊಂಡು ಹೊಳೆಯ ಕಡೆಯ ಕಿಟಕಿಗೆ ಹೋದದ್ದು ಕೇಳಿಸಿತು. ಅಲ್ಲೇ ನಿಂತರು. ವಾಪಸ್ ಬಂದು ಬಾಣ ಒತ್ತುತ್ತಾ ಒತ್ತುತ್ತಾ ತಮ್ಮ ಕೊನೆಯ ಸಾಲನ್ನು ಎಬ್ಬಿಸಿದರು, ಅಳಿಸಿದರು, ತಿದ್ದಿದರು: "ನಾ ಸೈರನ್ ಮೊದಲ ಹಾಕೀನಿ. ದುರುಗಪ್ಪ ಕೇಳ್ಯಾನ." ಎಂಟರನ್ನು ಮೊದಲಿನ ಹಾಗೇ ಕುಟ್ಟಿದರು. ಅವರ ಮಾತುಗಳಲ್ಲಿ ನಿಜವಾದ ಹೊತ್ತು ಇರುವುದು ಅದೊಂದಕ್ಕೇ. ಮತ್ತೆ ಅವರು ಬರಲಿಲ್ಲ.

ಈಗ ಗೇಟ್ ಕಚೇರಿಗೆ ಬಣ್ಣದ ಗುಂಡಿಗಳ ಹೊಸ ಯಂತ್ರ ಬಂದಿದೆ. ನಾನಿರುವ ಕಂಪ್ಯೂಟರ್ ಉಗ್ರಾಣದಲ್ಲಿ ಹಳೆಯ ಹಗ್ಗಗಳ ಪಕ್ಕ ಕೂತಿದೆ. ಕೌಸರ್ ಆಗಾಗ ಬಂದು ಒಮ್ಮೆ ಚಾಲೂ ಮಾಡುತ್ತಾಳೆ, ನಾನು ಬದುಕಿದ್ದೇನೆಯೇ ಎಂದು ನೋಡಲು. ಇದ್ದದ್ದನ್ನು ಇದ್ದ ಹಾಗೆ ಬರೆದವನು ನಾನು ಎಂಬ ಜಂಬ ಈಗ ನನಗಿಲ್ಲ. ನನ್ನಿಂದ ಒಬ್ಬ ಒಳ್ಳೆಯ ಮನುಷ್ಯ ತನ್ನನ್ನು ತಾನೇ ತಿದ್ದಿಕೊಂಡ, ಅದಕ್ಕೆ ದುಃಖವಿದೆ.

ಯಾರು ಯಾವಾಗ ತೆರೆದರೂ ಆ ಹಳೆಯ ಸಾಲಿಗೆ ಆಗಿನ ಹೊತ್ತೇ ಬರುತ್ತದೆ. ನೀವು ಈಗ ತೆರೆದು ಓದುತ್ತಿದ್ದೀರಿ. ಸೈರನ್ ಈಗ ಹೊಡೆಯುತ್ತಿದೆ. ದಂಡೆಯ ಮೇಲಿಂದ ಹುಲಿಗೆಮ್ಮ ಬರ್ರಿ ಎಂದು ಕೂಗುತ್ತಿದ್ದಾಳೆ. ದುರುಗಪ್ಪ ಬಲೆ ಎಳೆಯುತ್ತಿದ್ದಾನೆ, ಇನ್ನೂ ತಲೆ ಎತ್ತಿಲ್ಲ.