ಹಾಡಿಲ್ಲದ ಕಾರ್ಡು

ದಾವಣಗೆರೆಯ ಹಳೇ ಬಸ್ ನಿಲ್ದಾಣದ ಹತ್ತಿರ, ಚಹಾದಂಗಡಿಗೂ ಬೀಗ ರಿಪೇರಿಯವನಿಗೂ ನಡುವೆ ನನ್ನದೊಂದು ಗೂಡಂಗಡಿ. ಹದಿನೇಳು ವರ್ಷ ಅಲ್ಲಿ ಕೂತು ಜನರ ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿದ್ದೇನೆ. ಲೋಕಿಕೆರೆಯ ಟ್ರ್ಯಾಕ್ಟರಿನವರಿಗೆ ಎಂಥ ಹಾಡು ಬೇಕು, ಆನೆಕೊಂಡದ ಹೆಂಗಸರಿಗೆ ಯಾವ ಭಜನೆ ಬೇಕು, ಉರುಸಿನ ವಾರದಲ್ಲಿ ಯಾವ ಕವ್ವಾಲಿ ಹೋಗುತ್ತದೆ, ಎಲ್ಲವನ್ನೂ ಅವರು ಬಾಯಿ ಬಿಡುವ ಮುಂಚೆಯೇ ಹೇಳುತ್ತಿದ್ದೆ. ಕಾರ್ಡ್ ಖಲೀಲ್ ಎಂದರೆ ಯಾರಾದರೂ ದಾರಿ ತೋರಿಸುತ್ತಿದ್ದರು. ಈಗ ಹಾಡು ಕೇಳುವವರು ಹೆಚ್ಚಾಗಿದ್ದಾರೆ, ತುಂಬಿಸಿಕೊಳ್ಳುವವರು ಇಲ್ಲ. ಎಲ್ಲರ ಫೋನಿನಲ್ಲೂ ನೆಟ್ ಇದೆ.

ನನ್ನ ಹೆಂಡತಿ ಯಾಸ್ಮೀನಳ ತಮ್ಮ ಅತೀಕ್‌ನದು ಚಪ್ಪಲಿ ಅಂಗಡಿ. ಭಾವನೆಂದು ನನಗೆ ದೂಲ್ಹಾಭಾಯ್ ಎನ್ನುವ ಒಳ್ಳೆಯ ಹುಡುಗ, ಆದರೆ ಉಪಕಾರ ಮಾಡಲು ಹೊರಟರೆ ಬಿಡುವವನಲ್ಲ. ತನ್ನ ಅಂಗಡಿಗೆ ಕೆಲಸಕ್ಕೆ ಬಾ ಎಂದು ಕರೆದು, ನಾನು ಕೂರಲೆಂದು ಒಂದು ಹೊಸ ಸ್ಟೂಲನ್ನೇ ತಂದು, ಅದರ ಪ್ಲಾಸ್ಟಿಕ್ ಹಾಳೆ ಕೂಡ ಬಿಚ್ಚದೆ ಕಾದಿದ್ದ. ಗಿರಾಕಿಗಳ ಕಾಲಿಗೆ ಚಪ್ಪಲಿ ತೊಡಿಸುವುದು ನನಗೆ ಅವಮಾನವೇನಲ್ಲ. ಆದರೆ ನನ್ನ ಕೈಗೆ ಗೊತ್ತಿರುವುದು ಉಗುರಿನಷ್ಟು ದೊಡ್ಡ ಕಾರ್ಡು. ಶನಿವಾರದೊಳಗೆ ಹಾಡು ಬಿಟ್ಟು ಬೇರೆ ಯಾವುದಾದರೂ ಕಾರ್ಡಿನ ಕೆಲಸ ಸಿಕ್ಕರೆ ಅಂಗಡಿ ಉಳಿಸಿಕೊಳ್ಳುತ್ತೇನೆ, ಸಿಗದಿದ್ದರೆ ಸೋಮವಾರ ನಿನ್ನ ಸ್ಟೂಲಿಗೆ ಬರುತ್ತೇನೆ ಎಂದು ಅವನಿಗೆ ಮಾತು ಕೊಟ್ಟೆ.

ಗುರುವಾರ ಹರಿಹರದ ಒಂದು ಹೈಸ್ಕೂಲಿನ ವಿಜ್ಞಾನ ಮೇಡಂ ಸ್ವಾತಿ ಹುಡುಕಿಕೊಂಡು ಬಂದರು. ಅವರ ತಂದೆ ನನ್ನ ಹಳೆಯ ಗಿರಾಕಿಯಂತೆ. ಚೀಲದಿಂದ ಒಂದು ಹಸಿರು ಹಲಗೆ ತೆಗೆದು ಮುಂದಿಟ್ಟರು. ಎಟಿಎಂ ಕಾರ್ಡಿನಷ್ಟು ಅಗಲ, ಮೇಲೆಲ್ಲ ಸಣ್ಣ ಸಣ್ಣ ಕಪ್ಪು ಚಿಪ್ಪುಗಳು.

"ಇಷ್ಟೇ ರೀ ಕಂಪ್ಯೂಟರ್ರು. ಇದ್ರಾಗೆ ಹಾರ್ಡ್ ಡಿಸ್ಕ್ ಇಲ್ಲ. ಕಾರ್ಡ್‌ನಾಗೆ ಏನೈತೋ ಅದ್ರಿಂದ್ಲೇ ಶುರು ಆಗ್ಬೇಕು."

ಯಾರೋ ಪುಣ್ಯಾತ್ಮರು ಶಾಲೆಗೆ ಇಂಥ ಏಳು ಹಲಗೆ ಕೊಟ್ಟಿದ್ದರು. ಪದೇ ಪದೇ ಕರೆಂಟು ಹೋಗಿ ಏಳರ ಕಾರ್ಡೂ ಕೆಟ್ಟು, ವರ್ಷದಿಂದ ಬೀರುವಿನಲ್ಲಿದ್ದವು. ಶನಿವಾರ ಒಂದಾದರೂ ನಡೆಯದಿದ್ದರೆ ಎಲ್ಲವನ್ನೂ ಕೊಟ್ಟವರಿಗೇ ಹಿಂದಿರುಗಿಸುತ್ತೇನೆಂದು ಹೆಡ್‌ಮಾಸ್ಟರ್ ಅಂಜನಕುಮಾರ್ ಹೇಳಿಬಿಟ್ಟಿದ್ದರು. ಮೇಡಂ ಒಂದು ಪೆನ್‌ಡ್ರೈವಿನಲ್ಲಿ ಹಲಗೆ ಶುರುವಾಗಲು ಬೇಕಾದ ಫೈಲನ್ನು ತಂದಿದ್ದರು. ಒಂದೇ ಫೈಲು, ಆದರೆ ಸಾವಿರ ಹಾಡಿನಷ್ಟು ದೊಡ್ಡದು.

"ಕಾರ್ಡ್ ಅಂದ್ಮ್ಯಾಲೆ ಚಿಂತಿ ಬಿಡ್ರಿ ಮೇಡಂ," ಅಂದೆ.

ಅಂದಂತೆಯೇ ಮಾಡಿದೆ. ಒಳ್ಳೆಯ ಹೊಸ ಕಾರ್ಡು ತೆಗೆದು ಫಾರ್ಮ್ಯಾಟ್ ಮಾಡಿ, ಫೈಲನ್ನು ಕಾಪಿ ಮಾಡಿ ಹಾಕಿದೆ. ಹೆಸರಿನ ಮುಂದೆ ಸೊನ್ನೆ ಒಂದು ಎಂದು ಸೇರಿಸಿದೆ. ಫೋನಿನಲ್ಲಿ ಯಾವ ಹಾಡು ಮೊದಲು ಬರಬೇಕೋ ಅದಕ್ಕೆ ಹಾಗೆ ನಂಬರು ಕೊಡುವುದು ನಮ್ಮ ಪದ್ಧತಿ. ಕಂಪ್ಯೂಟರು ಮೊದಲು ಇದನ್ನೇ ನೋಡಲಿ ಎಂದು ನನ್ನ ಲೆಕ್ಕ. ಜಾಗ ಉಳಿದಿತ್ತು, ಖಾಲಿ ಬಿಡಲು ಮನಸ್ಸಾಗದೆ ಮೇಡಂ ತಂದೆಗೆ ಇಷ್ಟವಾದ ಎರಡು ಭಜನೆಗಳನ್ನೂ ತುಂಬಿದೆ.

ಶುಕ್ರವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಹರಿಹರಕ್ಕೆ ಹೋದೆ. ಮೇಡಂ ಹಲಗೆಗೆ ಕಾರ್ಡು ಸಿಕ್ಕಿಸಿ, ಟೀವಿಗೆ ವೈರು ಹಾಕಿ ಸ್ವಿಚ್ ಒತ್ತಿದರು. ಕೆಂಪು ದೀಪ ಹತ್ತಿತು. ಪಕ್ಕದ ಹಸಿರು ದೀಪ ಮಿಣುಕಿದರೆ ಕಾರ್ಡನ್ನು ಓದುತ್ತಿದೆ ಎಂದರ್ಥವಂತೆ. ಅದು ಮಿಣುಕಲೇ ಇಲ್ಲ. ಟೀವಿಯ ಕರಿ ಪರದೆಯಲ್ಲಿ ನನ್ನ ಮುಖ, ನನ್ನ ಹಿಂದೆ ಬಗ್ಗಿ ನೋಡುತ್ತಿದ್ದ ಒಂಬತ್ತನೇ ಕ್ಲಾಸಿನ ಹುಡುಗಿಯರ ಮುಖ, ಅಷ್ಟೇ ಕಾಣುತ್ತಿತ್ತು. ಜೇಬಿನಲ್ಲಿದ್ದ ಇನ್ನೊಂದು ಕಾರ್ಡಿಗೂ ಶಾಲೆಯ ಆಫೀಸಿನ ಕಂಪ್ಯೂಟರಿನಲ್ಲಿ ಹಾಗೆಯೇ ತುಂಬಿ ಹಾಕಿ ನೋಡಿದೆ. ಅದೂ ಅಷ್ಟೇ.

ಮೇಡಂ ಬೇಜಾರು ಮಾಡಿಕೊಳ್ಳಲಿಲ್ಲ, ನಾಳೆ ಹತ್ತು ಗಂಟೆವರೆಗೂ ಸಮಯವಿದೆ ಎಂದರು. ಬೈದಿದ್ದರೆ ಸಮಾಧಾನವಾಗುತ್ತಿತ್ತು. ಬಸ್ಸಿನಲ್ಲಿ ಕೂತು ಚಪ್ಪಲಿಯ ಸೈಜುಗಳನ್ನು ನೆನಪು ಮಾಡಿಕೊಳ್ಳಲು ಶುರು ಮಾಡಿದೆ.

ನಮಾಜು ಮುಗಿಸಿ ಮನೆಗೆ ಬಂದಾಗ ಯಾಸ್ಮೀನ್ ಮಾಳಿಗೆಯ ಮೇಲೆ ಸಂಡಿಗೆ ಒಣಹಾಕಿದ್ದಳು. ಸುತ್ತ ಹಗ್ಗ ಕಟ್ಟಿ, ಕಾಗೆ ಬಾರದಂತೆ ಹಳೆಯ ಸಿಡಿಗಳನ್ನು ತೂಗುಬಿಟ್ಟಿದ್ದಳು. ಗಾಳಿಗೆ ತಿರುಗಿದ ಒಂದು ಸಿಡಿಯ ಬಿಸಿಲು ಸೀದಾ ನನ್ನ ಕಣ್ಣಿಗೆ ಹೊಡೆಯಿತು. ಇಷ್ಟೊಂದು ಸಿಡಿ ಎಲ್ಲಿಂದ ಬಂದವು ಎಂದು ಕೇಳಿದೆ.

"ನಿಮ್ಮವೇ. ಮದುವಿ ಆದ ಹೊಸದ್ರಾಗೆ ಇಪ್ಪತ್ತು ಸಿಡಿ ಕೆಡಿಸಿ ತಂದಿದ್ರಲ್ಲ, ಮರ್ತ್ರೇನು? ಕಾಗಿಗೆ ಮಾತ್ರ ಚಲೋ ಉಪಯೋಗ ಆಗ್ಯಾವ."

ಮರೆತಿದ್ದೆ. ಆಗ ಯಾರೋ ಕಂಪ್ಯೂಟರು ಶುರು ಮಾಡುವ ಸಿಡಿಯ ನಕಲು ಕೇಳಿದ್ದರು. ಅದರ ಫೈಲನ್ನು ಹಾಡಿನ ಹಾಗೆ ಇಪ್ಪತ್ತು ಸಿಡಿಗೆ ಕಾಪಿ ಮಾಡಿದ್ದೆ, ಒಂದೂ ಶುರುವಾಗಿರಲಿಲ್ಲ. ಅಂಥ ಫೈಲು ಕಟ್ಟಿದ ಗಂಟಿದ್ದಂತೆ. ಗಂಟನ್ನು ಹಾಗೆಯೇ ಒಳಗೆ ಇಟ್ಟರೆ ಪ್ರಯೋಜನವಿಲ್ಲ. ಬಿಚ್ಚಿ, ಒಳಗಿನದನ್ನು ಅದರದರ ಜಾಗದಲ್ಲಿ ಕೂಡಿಸಬೇಕು. ಅದಕ್ಕೆ ಕಾಪಿ ಮಾಡುವುದು ಎನ್ನುವುದಿಲ್ಲ, ಬರೆಯುವುದು ಎನ್ನುತ್ತಾರೆ. ಇಪ್ಪತ್ತು ಸಿಡಿ ಕೆಡಿಸಿ ಕಲಿತ ಪಾಠ ಇಷ್ಟು ವರ್ಷ ನನ್ನ ತಲೆಯ ಮೇಲೆಯೇ ತೂಗುತ್ತಿತ್ತು.

ಊಟಕ್ಕೂ ಕೂರದೆ ಅಂಗಡಿಗೆ ಹೋದೆ. ಕಾರ್ಡಿಗೆ ಬರೆಯುವ ಸಾಫ್ಟ್‌ವೇರು ನೆಟ್‌ನಲ್ಲಿ ಪುಕ್ಕಟೆ ಸಿಕ್ಕಿತು. ಎಲ್ಲಿ ಬರೆಯಲಿ ಎಂದು ಅದು ಕೇಳುತ್ತದೆ, ತಪ್ಪು ಜಾಗ ತೋರಿಸಿದರೆ ಅಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ನನ್ನ ಕಣ್ಣನ್ನು ನಾನು ಪೂರ್ತಿ ನಂಬುವುದಿಲ್ಲ. ಫೈಲನ್ನು ಕಂಪ್ಯೂಟರಿಗೆ ಇಳಿಸಿಕೊಂಡು, ಪೆನ್‌ಡ್ರೈವನ್ನೇ ಕಿತ್ತು ಜೇಬಿಗೆ ಹಾಕಿಕೊಂಡೆ. ಹೊರಗಿನದು ಎಂದರೆ ಕಾರ್ಡೊಂದೇ ಉಳಿಯಿತು. ಸಾಫ್ಟ್‌ವೇರು ಬರೆದು ಮುಗಿಸಿ, ಬರೆದದ್ದು ಸರಿ ಇದೆಯೇ ಎಂದು ತಾನೇ ಇನ್ನೊಮ್ಮೆ ಓದಿ ನೋಡಿತು. ಅಷ್ಟರಲ್ಲಿ ಬೀಗದವನ ಜೊತೆ ಎರಡು ಚಹಾ ಆಯಿತು.

ಮುಗಿದ ತಕ್ಷಣ ಪರದೆಯ ಮೇಲೆ ಒಂದು ಚೌಕ ಬಂತು: ಈ ಡಿಸ್ಕನ್ನು ಬಳಸುವ ಮುನ್ನ ಫಾರ್ಮ್ಯಾಟ್ ಮಾಡಬೇಕು, ಮಾಡಲೇ? ಹದಿನೇಳು ವರ್ಷ ಇದಕ್ಕೆ ಹೌದು ಎಂದೇ ಒತ್ತಿದ ಬೆರಳು. ಅದು ನನ್ನನ್ನು ಕೇಳದೆ ಒತ್ತಿಬಿಟ್ಟಿತು. ಬರೆದದ್ದೆಲ್ಲ ಹಾಳು. ಬೀಗದ ಬಡೇಸಾಬ್ ಬಗ್ಗಿ ನೋಡಿ, ಏನಾಯಿತು ಎಂದ. ಬೆರಳಿಗೆ ಬುದ್ಧಿ ಇಲ್ಲ ಎಂದೆ. ಎರಡನೇ ಸಲ ಬರೆಯುವಾಗ, ಚೌಕ ಬರುವ ಹೊತ್ತಿಗೆ ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ಚೌಕ ಬಂದಾಗ ಬಡೇಸಾಬನೇ ನಾನು ಹೇಳಿದಂತೆ ಬೇಡ ಎಂಬುದನ್ನು ಒತ್ತಿದ.

ಶನಿವಾರ ಹೆಡ್‌ಮಾಸ್ಟರು ಗಡಿಯಾರ ನೋಡುತ್ತ ನಿಂತಿದ್ದರು. ಕೆಂಪು ದೀಪ ಹತ್ತಿತು. ಹಸಿರು ದೀಪ ಒಮ್ಮೆ ಮಿಣುಕಿ ಸುಮ್ಮನಾಯಿತು. ಆಮೇಲೆ ಅದು ಬಿಡುವಿಲ್ಲದೆ ಮಿಣುಕತೊಡಗಿ, ಟೀವಿಯ ತುಂಬ ಬಿಳಿ ಅಕ್ಷರಗಳು ಸಾಲುಸಾಲಾಗಿ ಓಡಿ, ಕೊನೆಗೆ ಬಣ್ಣದ ಚಿತ್ರ ಬಂದು ನಿಂತಿತು. ಹುಡುಗಿಯರು ಮೌಸಿಗಾಗಿ ಒಬ್ಬರನ್ನೊಬ್ಬರು ತಳ್ಳಿದರು.

ಅಂಜನಕುಮಾರ್ ಟೀವಿಯ ಹತ್ತಿರ ಬಗ್ಗಿ ನೋಡಿ, "ನಿನ್ನೆ ಇದ್ರಾಗ ಭಜನಿ ಇದ್ವು ಅಂತಲ್ರಿ, ಇವತ್ತ್ ಎಲ್ಲಿ?" ಎಂದರು. ನಗುತ್ತಿದ್ದಾರೋ ಇಲ್ಲವೋ ಗೊತ್ತಾಗಲಿಲ್ಲ. ಉಳಿದ ಆರಕ್ಕೂ ಕಾರ್ಡು ಮಾಡಿಕೊಡಲು ಹೇಳಿ, ಹೀಗೇ ಬೀರು ಸೇರಿದ ಹಲಗೆಗಳಿರುವ ಇನ್ನೂ ಮೂರು ಶಾಲೆಗಳಿಗೆ ನನ್ನ ಎದುರೇ ಫೋನು ಹಚ್ಚಿದರು. ಕರೆಂಟು ಹೋದಾಗಲೆಲ್ಲ ಕೆಡುವ ಕಾರ್ಡಿಗೆ ಬದಲು ಒಂದೊಂದು ಹೆಚ್ಚಿಗೆ ಬರೆಸಿಟ್ಟುಕೊಳ್ಳಿ ಎಂದು ನಾನೂ ಹೇಳಿದೆ. ಅದು ವ್ಯಾಪಾರಕ್ಕೂ ಒಳ್ಳೆಯದು, ಮಕ್ಕಳಿಗೂ ಒಳ್ಳೆಯದು.

ಸೋಮವಾರ ಅಂಗಡಿ ತೆಗೆದೆ. ಹತ್ತು ಗಂಟೆಗೆ ಅತೀಕ್ ಬಂದ. ತಲೆಯ ಮೇಲೆ ಸ್ಟೂಲು, ಇನ್ನೂ ಪ್ಲಾಸ್ಟಿಕ್ ಹಾಳೆ ಸಮೇತ. ಕರೆದುಕೊಂಡು ಹೋಗಲು ಬಂದನೇನೋ ಎಂದು ಗಾಬರಿಯಾಯಿತು. ಅವನು ಅದನ್ನು ನನ್ನ ಅಂಗಡಿಯ ಮುಂದೆ ಇಳಿಸಿ, ಹಾಳೆ ಬಿಚ್ಚಿ, ಅಂಗೈಯಿಂದ ಒರೆಸಿದ.

"ದೂಲ್ಹಾಭಾಯ್, ಬರಿಯೋದಕ್ಕೆ ಹೊತ್ತು ಹಿಡಿತೈತಂತಲ್ಲ. ಮೇಡಂನೋರು ಬಂದ್ರೆ ನಿಂತ್ಕಂಡೇ ಇರ್ಬೇಕಾ?"