ಮೂರು ಸೆಕೆಂಡು

ಮುಂದಿನ ಆವೃತ್ತಿಯಲ್ಲೇ ನಿಮ್ಮ ಬದಲಾವಣೆಯನ್ನು ಸೇರಿಸಿಕೊಳ್ಳುತ್ತೇನೆ ಎಂದು ಮಗನ ಟ್ಯಾಬಿನ ಆ್ಯಪ್ ಬರೆದವರು ಫೋನಿನಲ್ಲಿ ಮಾತು ಕೊಟ್ಟು ಆರು ವರ್ಷ. ಆ ಖುಷಿಯಲ್ಲಿ ನಾನೂ ಮಗಳಿಗೆ ಒಂದು ಮಾತು ಕೊಟ್ಟೆ: ಅವರು ಸೇರಿಸಿಕೊಂಡ ದಿನದಿಂದ ಭಾನುವಾರಗಳೆಲ್ಲ ನಿನ್ನವು, ಈಜು ಕಲಿಸುತ್ತೇನೆ. ಆಗ ಅವಳಿಗೆ ಎಂಟು.

ಮಗನಿಗೆ ಮಾತು ಬರುವುದಿಲ್ಲ. ಟ್ಯಾಬಿನಲ್ಲಿ ಚಿತ್ರ ಮುಟ್ಟಿದರೆ ಅದು ಅವನ ಪರವಾಗಿ ಮಾತಾಡುತ್ತದೆ. ಆದರೆ ಅವನ ಕೈ ನಡುಗುತ್ತದೆ. ‘ನೀರು’ ಮುಟ್ಟಲು ಹೊರಟ ಬೆರಳು ದಾರಿಯಲ್ಲಿ ‘ಬೇಡ’, ‘ನಿದ್ದೆ’ ಎಲ್ಲವನ್ನೂ ನಿಧಾನವಾಗಿ ಸವರಿಕೊಂಡು ಹೋಗುತ್ತದೆ. ಆ ಆ್ಯಪ್ ಬರೆದವರು ಅದರ ಕೋಡನ್ನು ಎಲ್ಲರಿಗೂ ತೆರೆದಿಟ್ಟಿದ್ದರು. ನಾನು ಲಿಫ್ಟ್ ರಿಪೇರಿಯವನು. ತಿಣುಕಾಡಿ ಕಲಿತು, ಅದನ್ನು ಫೋರ್ಕ್ ಮಾಡಿ ನನ್ನದೇ ಒಂದು ಪ್ರತಿ ಇಟ್ಟುಕೊಂಡು, ಹನ್ನೊಂದು ಸಾಲು ಸೇರಿಸಿದೆ: ಬೆರಳು ಮೂರು ಸೆಕೆಂಡು ಒಂದೇ ಕಡೆ ನಿಂತರೆ ಮಾತ್ರ ಬಾಯಿ ಬಿಡು.

ಬರೆಯಲು ಒಂದು ಭಾನುವಾರ ಸಾಕಾಯಿತು. ಅದನ್ನು ಬದುಕಿಸಿಕೊಳ್ಳಲು ಉಳಿದ ಭಾನುವಾರಗಳೆಲ್ಲ ಹೋದವು. ಮೂಲದಲ್ಲಿ ಅವರು ಏನು ಬದಲಿಸಿದರೂ ನನ್ನ ಪ್ರತಿಗೆ ಎಳೆದುಕೊಳ್ಳಬೇಕು, ಇಲ್ಲದಿದ್ದರೆ ಕೆಲವೇ ದಿನದಲ್ಲಿ ಹಳೆಯದರ ಧ್ವನಿ ನಿಂತುಹೋಗುತ್ತದೆ. ಎಳೆದಾಗಲೆಲ್ಲ ನನ್ನ ಸಾಲುಗಳು ಎಲ್ಲೋ ಕಾಲು ಮುರಿದುಕೊಂಡಿರುತ್ತವೆ.

“ಅಪ್ಪಾ, ಮೂಲಪುರುಷರು ಇವತ್ತೇನು ಕಿತ್ತುಹಾಕಿದ್ರು?” ಮಗಳು ಟವಲು ಹೆಗಲಿಗೆ ಹಾಕಿಕೊಂಡು ಅಡುಗೆಮನೆ ಬಾಗಿಲಲ್ಲಿ ನಿಲ್ಲುತ್ತಿದ್ದಳು.

“ಇನ್ನೊಂದೇ ಗಂಟೆ ಕಣೇ.”

“ನಿನ್ನ ಗಡಿಯಾರಕ್ಕೆ ಮುಳ್ಳೇ ಇಲ್ಲ ಬಿಡು.”

ಈಚೆಗೆ ಟವಲೂ ಇಲ್ಲ, ಪ್ರಶ್ನೆಯೂ ಇಲ್ಲ.

ಕಳೆದ ಭಾನುವಾರ ಬೆಳಿಗ್ಗೆ ಅವರದೇ ಫೋನು. “ಕೊನೆಗೂ ಸೇರಿಸಿದೆ ಕಣ್ರೀ! ನಿಮ್ಮ ಹೆಸರೂ ಹಾಕಿದೀನಿ.”

ಮಗಳನ್ನು ಕೂಗಿ ಹೇಳಿದೆ. ಅವಳು ಹೋಗಿ ಟವಲು ಹುಡುಕತೊಡಗಿದಳು. ನಾನು ಅವರ ಹೊಸ ಆವೃತ್ತಿಯನ್ನೇ ಟ್ಯಾಬಿಗೆ ಹಾಕಿ ಮಗನ ಮುಂದಿಟ್ಟೆ. ಬೆರಳು ಹೊರಟಿತು.

“ಬೇಡ. ನಿದ್ದೆ. ಬೇಡ,” ಎಂದಿತು ಟ್ಯಾಬು.

ಅವನು ಕೈ ಹಿಂದಕ್ಕೆಳೆದುಕೊಂಡು ನನ್ನ ಮುಖ ನೋಡಿದ.

ಕೋಡ್ ತೆರೆದೆ. ಕಾಯುವುದು ಅರ್ಧ ಸೆಕೆಂಡು, ಅದಕ್ಕಿಂತ ಹೆಚ್ಚಿಸುವಂತಿಲ್ಲ. ತಿರುಗಿ ಫೋನು ಮಾಡಿದೆ.

“ಮೂರು ಸೆಕೆಂಡು ಯಾರ್ರೀ ಕಾಯ್ತಾರೆ? ಆ್ಯಪ್ ಕೆಟ್ಟಿದೆ ಅಂತಾರೆ ಜನ.”

“ಇವನು ಕಾಯ್ತಾನಲ್ಲ ಸಾರ್.”

“ನಿಮಗೆ ಬೇಕಾದ್ರೆ ನಿಮ್ಮ ಪ್ರತಿ ಇದ್ದೇ ಇದೆಯಲ್ಲ.”

ಇದೆ. ಆದರೆ ಇನ್ನು ಮೇಲೆ ಅವರೂ ಅದೇ ಸಾಲುಗಳನ್ನು ತಿದ್ದುತ್ತಿರುತ್ತಾರೆ. ಪ್ರತಿ ಸಲವೂ ಅವರ ಸಾಲಿಗೂ ನನ್ನ ಸಾಲಿಗೂ ನೇರ ಜಗಳ; ಅರ್ಧ ದಿನದ ಕೆಲಸ ಇನ್ನು ಇಡೀ ದಿನದ್ದು.

“ಇನ್ನೊಂದೇ ಗಂಟೆನಾ?” ಬಾಗಿಲಲ್ಲಿ ಮಗಳು. ಸಿಕ್ಕಿದ್ದು ಆ ಹಳೆಯ ಟವಲೇ, ಈಗ ಅವಳಿಗೆ ಚಿಕ್ಕದು.

ನಾನು ಆಗಲೇ ಲ್ಯಾಪ್‌ಟಾಪಿನ ಮುಂದೆ ಕೂತಾಗಿತ್ತು.

ಅವರು ಕೊಟ್ಟ ಮಾತು ನಡೆಸಿದರು. ನಾನು ನಡೆಸಲಿಲ್ಲ.