ಕಣ್ಣು ಮುಚ್ಚಿ ನಿಲ್ಲುವ ಪರೀಕ್ಷೆ

"ನಿನ್ ಗಂಡ ಸುಳ್ಳ ಕಣಮ್ಮ. ಸುಳ್ಳೇಳಿ ನೀರಿಗಿಳ್ದ, ಸತ್ತ. ಹಾಕು ಸೈನು."

ಬಂದರಿನ ಕಂಪನಿಯ ಮ್ಯಾನೇಜರ್ ಸೆಸಾರಿಯೊ ಕಾಗದವನ್ನು ಸಬೆಲಾಳ ಮುಂದಕ್ಕೆ ತಳ್ಳಿದ. ಅವಳ ಗಂಡ ಬ್ರಾಯ್ಸ್ ತನ್ನ ಕಾಯಿಲೆಯನ್ನು ಮುಚ್ಚಿಟ್ಟು ಕೆಲಸಕ್ಕೆ ಬಂದಿದ್ದ, ಅವನ ಸಾವಿಗೆ ಅವನೇ ಹೊಣೆ ಎಂದು ಅದರಲ್ಲಿ ಬರೆದಿತ್ತು. ಪಕ್ಕದಲ್ಲಿ ಅವನ ಉಣ್ಣೆಯ ಟೋಪಿ ಇನ್ನೂ ಒಣಗಿರಲಿಲ್ಲ.

ಸಬೆಲಾ ಕಾಗದವನ್ನು ಕೊನೆಯವರೆಗೆ ಓದಿದಳು. ಸೆಸಾರಿಯೊ ಹೇಳಿದ್ದು ನಿಜವಾಗಿತ್ತು.

ಗಲೀಸಿಯಾದ ಆ ಬಂದರಿನಲ್ಲಿ ಬ್ರಾಯ್ಸ್ ಹದಿಮೂರು ವರ್ಷ ನೀರಿನೊಳಗೆ ಮುಳುಗಿ ಹಡಗುಗಳ ತಳಕ್ಕೆ ಬೆಸುಗೆ ಹಾಕಿದ್ದ. ಕಳೆದ ಚಳಿಗಾಲದಲ್ಲಿ ಅವಸರವಾಗಿ ಮೇಲೆ ಬಂದಾಗ ಕಿವಿಯ ಒಳಗೇನೋ ಕೆಟ್ಟಿತು. ಅಂದಿನಿಂದ ಸಮತೋಲ ತಪ್ಪಿ ಗೋಡೆ ಹಿಡಿದು ನಡೆಯುತ್ತಿದ್ದ. ಬಂದರಿನ ಡಾಕ್ಟರಮ್ಮ ಅವನನ್ನು ಒಂದು ಪಾದದ ಮುಂದೆ ಇನ್ನೊಂದು ಇಡಿಸಿ, ಕೈ ಕಟ್ಟಿಸಿ, ಕಣ್ಣು ಮುಚ್ಚಿಸಿ ನಿಲ್ಲಿಸಿದಳು. ನಾಲ್ಕು ಎಣಿಸುವಷ್ಟರಲ್ಲಿ ವಾಲಿದ. ಇನ್ನು ನೀರಿಗಿಳಿಯಬಾರದು ಎಂದು ಬರೆದುಕೊಟ್ಟಳು.

ಸೆಸಾರಿಯೊ ನಕ್ಕಿದ್ದ. "ಗಡಿಯಾಚೆ ಇರೋನೂ ಡಾಕ್ಟ್ರೇಯ. ಅವನ್ ಸೀಲು ಇಲ್ಲೂ ನಡೀತದೆ. ಯುರೋಪಿಗೆಲ್ಲ ಒಂದೇ ಪರೀಕ್ಷೆ ಮಾಡ್ತೀವಂತ ದೊಡ್ಡೋರು ಕುಂತು ಮಾತಾಡ್ತಾವ್ರೆ. ಮಾಡೋಗಂಟ ಬಸ್ಸೈತೆ, ಹತ್ತು."

ಅಲ್ಲಿಯೂ ಹೀಗೆಯೇ ಕಣ್ಣು ಮುಚ್ಚಿಸಿ ನಿಲ್ಲಿಸುತ್ತಾರೆಂದು ಇಬ್ಬರೂ ಅಡುಗೆಮನೆಯಲ್ಲಿ ಅಭ್ಯಾಸ ಮಾಡಿದರು. ಒಲೆಯ ಮೇಲೆ ಸೊಪ್ಪಿನ ಸಾರು ಕುದಿಯುತ್ತಿತ್ತು. ಸಬೆಲಾ ಎಣಿಸುತ್ತಿದ್ದಳು.

"ಬಲಕ್ಕೆ ವಾಲ್ತಿದ್ದೀಯ."

"ನಾನಲ್ಲ ಕಣೇ, ನೆಲಾನೇ ವಾಲೈತೆ. ಮನೆ ಕಟ್ದೋನ್ನ ಕೇಳು."

ಹೆಬ್ಬೆರಳನ್ನು ನೆಲಕ್ಕೆ ಒತ್ತಿ ಹಲ್ಲು ಕಚ್ಚಿ ನಿಲ್ಲುವ ಉಪಾಯವನ್ನು ಹೇಳಿಕೊಟ್ಟವಳು ಅವಳೇ. ಹತ್ತೊಂಬತ್ತನೆಯ ದಿನ ಅರವತ್ತು ಎಣಿಸುವವರೆಗೆ ನಿಂತ. ಅವಳನ್ನು ಎತ್ತಿಕೊಂಡು ಗಿರ್ರನೆ ತಿರುಗಿದ. ಇಬ್ಬರೂ ಬಿದ್ದರು. ಬಿದ್ದಲ್ಲೇ ನಕ್ಕರು.

ಗಡಿಯಾಚೆಯಿಂದ ಸೀಲು ತಂದ ಮೂರು ವಾರದ ನಂತರ, ಹಡಗಿನಡಿಯ ಕೆಸರು ನೀರಿನಲ್ಲಿ ಅವನಿಗೆ ಮೇಲು ಕೆಳಗು ತಿಳಿಯಲಿಲ್ಲ. ಮೇಲಕ್ಕೆಂದು ಕೆಳಕ್ಕೆ ಈಜಿದ. ಗಾಳಿಯ ಕೊಳವೆ ಚುಕ್ಕಾಣಿಗೆ ಸುತ್ತಿಕೊಂಡಿತ್ತು.

ಸಬೆಲಾ ಪೆನ್ನು ತೆಗೆದುಕೊಂಡಳು.

"ಎಂಥದಕ್ಕೆ ಮಗಾ ಸೈನು?" ಬಾಗಿಲಲ್ಲಿ ಮುದುಕ ಫರ್ರುಕೊ ನಿಂತಿದ್ದ. ಅಂದು ದಡದಲ್ಲಿ ಬ್ರಾಯ್ಸನ ಸೊಂಟಕ್ಕೆ ಕಟ್ಟಿದ ಹಗ್ಗ ಹಿಡಿದಿದ್ದವನು ಅವನೇ.

"ಪರೀಕ್ಷೇಲಿ ಮೋಸ ಮಾಡಿದ್ವಿ ಮಾವ. ನಾನೇ ಕಲಿಸಿದ್ದು."

"ಪರೀಕ್ಷೆ? ಯಾವ್ ಪರೀಕ್ಷೆ? ಆ ಬೋಳಿಮಗ ಡಾಕ್ಟ್ರು ಮಕಾನೇ ತೋರಿಸ್ನಿಲ್ಲ. ಹನ್ನೆರಡು ಜನ ಬಸ್ಸಲ್ಲೇ ಕುಂತು ಮೀನ್ ರೊಟ್ಟಿ ತಿಂದೊ. ಡ್ರೈವರು ಒಳಕ್ಕೋಗಿ ಸೀಲ್ ಹೊಡಿಸ್ಕಂಬಂದ."

"ಬಾಯ್ಮುಚ್ಚೋ ಮುದಿಗೂಬೆ!" ಸೆಸಾರಿಯೊ ಎದ್ದ. "ಬಸ್ ಹತ್ತೋಗು, ಹೊತ್ತಾಯ್ತು."

ಫರ್ರುಕೊ ಅವನತ್ತ ನೋಡಲಿಲ್ಲ. "ಬ್ರಾಯ್ಸ್ ಒಬ್ನೇ ಇಳ್ದ. ಆ ಡಾಕ್ಟ್ರ ಬಾಗ್ಲ ಮುಂದೆ ಕೈ ಕಟ್ಟಿ ಕಣ್ಮುಚ್ಚಿ ನಿಂತ್ಕಂಡ. ‘ಯಾರಾದ್ರೂ ಎಣಿಸ್ರಪ್ಪ, ನಮ್ಮನೇವ್ಳು ಕೇಳ್ತಾಳೆ’ ಅಂದ. ನಾವು..." ಅವನು ಮೇಜಿನ ಮೇಲಿನ ಟೋಪಿಯತ್ತ ನೋಡಿದ. "ನಾವು ನಕ್ಕೊ ಮಗಾ."

ಸಬೆಲಾ ಪೆನ್ನು ಕೆಳಗಿಟ್ಟು ಟೋಪಿ ಎತ್ತಿಕೊಂಡಳು.

ಹೊರಗೆ ಗಡಿಯಾಚೆಗೆ ಹೋಗುವ ಅದೇ ಬಸ್ಸು ಹೊಗೆ ಬಿಡುತ್ತ ನಿಂತಿತ್ತು. ಕಿಟಕಿಗಳಲ್ಲಿ ಹನ್ನೊಂದು ಮುಖಗಳು. ಬ್ರಾಯ್ಸನ ಸೀಟಿನಲ್ಲಿ ಹೊಸಬನೊಬ್ಬ ಕುಳಿತಿದ್ದ. ಅವಳು ಬಸ್ಸಿನ ಮೂತಿಯ ಮುಂದೆ ಒಂದು ಪಾದದ ಮುಂದೆ ಇನ್ನೊಂದು ಇಟ್ಟಳು. ಟೋಪಿಯನ್ನು ಎದೆಗೊತ್ತಿ ಕೈ ಕಟ್ಟಿದಳು. ಕಣ್ಣು ಮುಚ್ಚಿದಳು.

"ಎಣಿಸಿ," ಅಂದಳು.

ಹಾರ್ನು ಕಿವಿ ಸೀಳುವಂತೆ ಕೂಗಿತು. "ಎಳೀರೋ ಆ ಮುಂಡೇನ!" ಎಂದು ಸೆಸಾರಿಯೊ ಕಿರುಚಿದ. ಅವಳ ಹೆಬ್ಬೆರಳು ಶೂವಿನೊಳಗೆ ನೆಲ ಹುಡುಕುತ್ತಿತ್ತು.

"ಒಂದು," ಎಂದಿತು ಫರ್ರುಕೊನ ಒಡಕು ದನಿ. "ಎರಡು."

ಬಸ್ಸಿನ ಬಾಗಿಲು ತೆರೆದ ಸದ್ದಾಯಿತು. ಇಳಿಯುತ್ತಿದ್ದವರು ತನ್ನ ಪಕ್ಕ ನಿಲ್ಲಲು ಬರುತ್ತಿದ್ದಾರೋ, ತನ್ನನ್ನು ಎಳೆದುಹಾಕಲೋ, ಅವಳಿಗೆ ತಿಳಿಯಲಿಲ್ಲ. ಅವಳು ಕಣ್ಣು ತೆರೆಯಲಿಲ್ಲ.